ಚೀಟಿಯೂ ತೂಕದ ಕಲ್ಲೂ

ಆಟದಲ್ಲಿ ಅದೃಷ್ಟಕ್ಕೆ ಸ್ಥಾನವಿರಬೇಕೇ ಎಂಬ ಪ್ರಶ್ನೆಗೆ ಹಿರಿಯರು ಎರಡು ಬಗೆಯ ಉತ್ತರ ಕೊಡುತ್ತ ಬಂದಿದ್ದಾರೆ. ದಾಳ, ಕವಡೆ, ಚೀಟಿ ಇರುವ ಆಟವೆಲ್ಲ ಜೂಜಿನ ಮೊದಲ ಮೆಟ್ಟಿಲು, ಅದನ್ನು ಮಕ್ಕಳ ಕೈಗೆ ಕೊಡಲೇಬಾರದು ಎಂಬುದು ಒಂದು ಮತ. ಆಟ ಆಟವೇ, ಅದರಲ್ಲಿ ನೀತಿಯನ್ನು ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದಂತೆ ಎಂಬುದು ಇನ್ನೊಂದು. ಈ ಎರಡು ಮಾತುಗಳ ನಡುವೆ ಮೂರನೆಯ ಮಾತಿಗೂ ಅವಕಾಶವುಂಟು. ಇಂಡಿ ಪಟ್ಟಣದ ಒಂದು ವರ್ತಕ ಕುಟುಂಬದಲ್ಲಿ ಬೇಸಿಗೆಯ ರಜೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಆ ಮೂರನೆಯ ಮಾತನ್ನು ತೋರಿಸಿಕೊಟ್ಟಿತು.

ಮನೆಯ ಯಜಮಾನರು ಅರವತ್ತು ದಾಟಿದವರು. ವಾಣಿಜ್ಯ ಶಾಸ್ತ್ರದಲ್ಲಿ ಪದವಿ ಪಡೆದು, ತಂದೆಯ ಕಿರಾಣಿ ಅಂಗಡಿಯನ್ನು ವಹಿಸಿಕೊಂಡು, ಮುಂದೆ ತೊಗರಿ ಮತ್ತು ಲಿಂಬೆಯ ಅಡತಿ ವ್ಯಾಪಾರಕ್ಕೂ ಕೈಹಾಕಿದವರು. ರಜೆ ಬಂತೆಂದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಹೆಣ್ಣುಮಕ್ಕಳ ಮಕ್ಕಳು ಬರುತ್ತಾರೆ. ಇಂಡಿಯಲ್ಲಿಯೇ ಇರುವ ಮಗನ ಮಗನೂ ಸೇರಿ ನಾಲ್ಕು ಊರಿನ ನಾಲ್ಕು ಮಕ್ಕಳು ಪಡಸಾಲೆಯಲ್ಲಿ ನೆರೆಯುತ್ತಾರೆ. ಬಿಸಿಲಿನ ಝಳಕ್ಕೆ ಹೊರಗೆ ಕಾಲಿಡಲಾಗದ ಮಧ್ಯಾಹ್ನಗಳಲ್ಲಿ ಈ ಮಕ್ಕಳು ಒಂದು ಆಟ ಕಟ್ಟಿದ್ದರು. 2022ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳನ್ನು ದೂರದರ್ಶನದಲ್ಲಿ ಕಂಡಂದಿನಿಂದ ಅವರ ತಲೆಯಲ್ಲಿ ಆ ಆಟವೇ ತುಂಬಿತ್ತು. ಹಳೆಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಮೈದಾನ ಬರೆದು, ಅಂಗಿಯ ಗುಂಡಿಗಳನ್ನು ಆಟಗಾರರನ್ನಾಗಿಯೂ ಒಂದು ಕಡಲೆಕಾಳನ್ನು ಚೆಂಡನ್ನಾಗಿಯೂ ಮಾಡಿಕೊಂಡು, ಬೆರಳಿನಿಂದ ಚಿಮ್ಮಿ ಆಡುತ್ತಿದ್ದರು. ಇಂಥ ಆಟ ಹೊರನಾಡಿನಲ್ಲಿಯೂ ಉಂಟು. ಇಂಗ್ಲೆಂಡಿನಲ್ಲಿ 1940ರ ದಶಕದ ಕೊನೆಯಲ್ಲಿ ಪೀಟರ್ ಅಡಾಲ್ಫ್ ಎಂಬವರು ‘ಸಬ್‌ಬ್ಯೂಟಿಯೋ’ ಎಂಬ ಹೆಸರಿನಿಂದ ಬೆರಳಲ್ಲಿ ಚಿಮ್ಮುವ ಮೇಜಿನ ಫುಟ್‌ಬಾಲನ್ನು ಮಾರಾಟಕ್ಕೆ ತಂದರು. ಇಂಡಿಯ ಮಕ್ಕಳಿಗೆ ಅದರ ಸುದ್ದಿ ತಿಳಿದಿರಲಿಲ್ಲ. ಅವರದು ಸ್ವಂತ ಕಲ್ಪನೆ.

ಬರೀ ಚಿಮ್ಮುವುದರಲ್ಲಿ ಸ್ವಾರಸ್ಯ ಕಡಿಮೆಯೆಂದು ಅವರು ಚೀಟಿಗಳನ್ನು ಸೇರಿಸಿದ್ದರು. ನಿಜವಾದ ಮೈದಾನದಲ್ಲಿ ಮಳೆ ಬರುತ್ತದೆ, ಆಟಗಾರನ ಕಾಲು ಉಳುಕುತ್ತದೆ, ರೆಫರಿಯ ಕಣ್ಣು ತಪ್ಪುತ್ತದೆ. ಇವೆಲ್ಲ ಹಲಗೆಯ ಮೇಲೂ ನಡೆಯಬೇಕಲ್ಲ! ಆದ್ದರಿಂದ 24 ಚೀಟಿಗಳನ್ನು ಬರೆದು ತಂಬಿಗೆಯಲ್ಲಿ ಹಾಕಿದರು. ಅರ್ಧ ಅನುಕೂಲದವು, ಅರ್ಧ ಪ್ರತಿಕೂಲದವು. “ಮಳೆ ಬಂತು, ಒಂದು ಸರದಿ ಬಿಡು” ಎಂಬುದು ಒಂದು. “ನಿನ್ನ ಆಟಗಾರನಿಗೆ ಕೆಂಪು ಕಾರ್ಡು” ಎಂಬುದು ಇನ್ನೊಂದು. “ಎದುರಿನ ಗೋಲ್‌ಕೀಪರ್ ಜಾರಿಬಿದ್ದ, ನಿನಗೊಂದು ಗೋಲು” ಎಂಬ ಚೀಟಿಗಳು ನಾಲ್ಕು ಇದ್ದವು. ಪ್ರತಿ ಪಂದ್ಯದಲ್ಲಿ ಒಬ್ಬೊಬ್ಬರಿಗೆ ಆರರಂತೆ ಒಟ್ಟು 12 ಚೀಟಿ ಎತ್ತುವುದು ಕಟ್ಟಳೆಯಾಗಿತ್ತು.

ನಾಲ್ಕನೆಯ ದಿನ ಮುದ್ದೇಬಿಹಾಳದ ಕಿರಿಯ ಹುಡುಗ ಊಟಕ್ಕೆ ಬರಲಿಲ್ಲ. ಅಟ್ಟದ ಮೆಟ್ಟಿಲ ಮೇಲೆ ಕುಳಿತು, ತನ್ನನ್ನು ಊರಿಗೆ ಕಳಿಸಿಬಿಡಿ ಎಂದು ಅಳುತ್ತಿದ್ದನು. ಕಾರಣ ಕೇಳಿದರೆ ಅವನು ಯಾರನ್ನೂ ದೂರಲಿಲ್ಲ. “ನನ್ನ ನಸೀಬಾ ಖೊಟ್ಟಿ ಐತಿ ಮುತ್ಯಾ. ನಾ ಏನ್ ಎತ್ತಿದ್ರೂ ಕೆಟ್ಟ ಚೀಟಿನ ಬರ್ತೈತಿ. ನಾ ಆಡೂದ ಬ್ಯಾಡ” ಎಂದನು.

ಒಂಬತ್ತು ವರ್ಷದ ಬಾಲಕನ ಬಾಯಲ್ಲಿ ಬಂದ ಈ ಮಾತು ಹಿರಿಯರ ಮನಸ್ಸಿಗೆ ನಾಟಿತು. ಅವರು ಆ ಮಧ್ಯಾಹ್ನ ಅಂಗಡಿಗೆ ಹೋಗದೆ ಪಡಸಾಲೆಯ ಮೂಲೆಯಲ್ಲಿ ಪತ್ರಿಕೆ ಹಿಡಿದು ಕುಳಿತರು. ಇಂಡಿಯ ಮೊಮ್ಮಗ ಆಡುವವರಲ್ಲಿ ಎಲ್ಲರಿಗಿಂತ ದೊಡ್ಡವನು. ಅವನು ಎತ್ತಿದ ಆರು ಚೀಟಿಗಳಲ್ಲಿ ಐದು ಅನುಕೂಲದವು ಬಂದವು. ಮರುಪಂದ್ಯದಲ್ಲಿಯೂ ಐದು. ಬಸವನ ಬಾಗೇವಾಡಿಯ ಹುಡುಗಿ ಕಣ್ಣು ಚುರುಕಿನವಳು. “ಮುತ್ಯಾ, ಅಣ್ಣಾ ತಂಬಿಗ್ಯಾಗ ಕೈ ಹಾಕಿ ಭಾಳ ಹೊತ್ತ ತಿಕ್ತಾನ” ಎಂದು ಮೆಲ್ಲಗೆ ಹೇಳಿದಳು. ಹಿರಿಯರು ತಂಬಿಗೆ ತರಿಸಿ ಚೀಟಿಗಳನ್ನು ನೆಲದ ಮೇಲೆ ಸುರಿದು ಮುಟ್ಟಿ ನೋಡಿದರು. ಅನುಕೂಲದ ಹನ್ನೆರಡು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದವು, ಪ್ರತಿಕೂಲದ ಹನ್ನೆರಡು ನೋಟುಬುಕ್ಕಿನ ತೆಳು ಹಾಳೆಯವು.

“ಚೀಟಿ ಎತ್ತೂದು ನಸೀಬಲ್ಲೇನ್ ಮುತ್ಯಾ? ನಾ ಬೇಕಂತ ಹಂಗ ಮಾಡಿಲ್ಲ. ಲಗ್ನಪತ್ರಿಕಿ ಮುಗೀತು, ಆಮ್ಯಾಲ ನೋಟುಬುಕ್ಕಿನ ಹಾಳಿ ಹರಿದ್ವಿ” ಎಂದನು ಹುಡುಗ. ಅವನ ಮಾತು ಸುಳ್ಳಾಗಿರಲಿಲ್ಲ. ಮೊದಲು ಒಳ್ಳೆಯ ಚೀಟಿಗಳನ್ನು ಬರೆದರು, ಅಷ್ಟರಲ್ಲಿ ದಪ್ಪ ಕಾಗದ ತೀರಿತು. ಕಾಗದದ ಭೇದ ಆಕಸ್ಮಿಕ. ಎರಡನೆಯ ದಿನ ಅವನ ಬೆರಳಿಗೆ ಆ ಭೇದ ತಿಳಿಯಿತು. ಅವನು ಸುಮ್ಮನಿದ್ದನು.

“ನಿನ್ನ ಬೆರಳಿಗೆ ಮೊದಲ ಗೊತ್ತಿದ್ದದ್ದು ನಸೀಬು ಹ್ಯಾಂಗ ಆಗ್ತದೋ ತಮ್ಮಾ?” ಎಂದು ಹಿರಿಯರು ಕೇಳಿದರು. ಬೈಯಲಿಲ್ಲ. ಬೈಯುವ ಅಧಿಕಾರ ತಮಗೆ ಎಷ್ಟಿದೆಯೆಂಬುದು ಅವರಿಗೆ ಗೊತ್ತಿತ್ತು. ಮಕ್ಕಳನ್ನು ಕೂರಿಸಿಕೊಂಡು, ನಾಲ್ಕು ದಶಕಗಳಿಗೂ ಮಿಕ್ಕ ಕಾಲ ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದರು.

ಪದವಿ ಮುಗಿಸಿ ಗಲ್ಲೆಯ ಮೇಲೆ ಕುಳಿತ ಮೊದಲ ವರ್ಷದ ಮಾತದು. ಅಂಗಡಿಯಲ್ಲಿ ಐದು ಕಿಲೋ ತೂಕದ ಬೀಡು ಕಬ್ಬಿಣದ ಕಲ್ಲು ಇತ್ತು. ಇಂಥ ಕಲ್ಲುಗಳ ತಳದಲ್ಲಿ ಒಂದು ಕುಳಿಯಿದ್ದು, ತೂಕ ಸರಿಹೊಂದಿಸಲು ಅದರಲ್ಲಿ ಸೀಸ ತುಂಬಿ, ಆ ಸೀಸದ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಒತ್ತಿರುತ್ತಾರೆ. ಒಂದು ದಿನ ಕಲ್ಲನ್ನು ಮಗುಚಿದಾಗ ಆ ಕುಳಿ ಬರಿದಾಗಿತ್ತು. ಸೀಸ ಎಂದೋ ಸಡಿಲಾಗಿ ಉದುರಿತ್ತು. ನೆರೆಯ ಅಂಗಡಿಯ ಹೊಸ ಕಲ್ಲಿನೊಡನೆ ತೂಗಿ ನೋಡಿದಾಗ 20-25 ಗ್ರಾಂ ಕಡಿಮೆ ಬಂತು. ಯಾರೂ ಅರದಿಂದ ಉಜ್ಜಿರಲಿಲ್ಲ, ಯಾರೂ ಮೋಸವನ್ನು ಎಣಿಸಿರಲಿಲ್ಲ. ಆದರೂ ಅದೇ ಕಲ್ಲಿನಿಂದ ಅವರು ಮತ್ತೆ ಹದಿನೈದು ದಿನ ಜೋಳ, ಬೇಳೆ, ಸಕ್ಕರೆ ತೂಗಿಕೊಟ್ಟರು. “ಇದು ನಾ ಮಾಡಿದ್ದಲ್ಲ, ತಾನ ಆದದ್ದು” ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಹದಿನಾರನೆಯ ದಿನ ತಂದೆಯವರೇ ಕಲ್ಲು ಮಗುಚಿ ನೋಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿನಗ ಯಾವಾಗ ಗೊತ್ತಾತು?” ಮಗ ನಿಜ ಹೇಳಿದನು. ತಂದೆ ಕೀರ್ದಿ ಪುಸ್ತಕ ತೆಗೆದು ಹದಿನೈದು ದಿನಗಳ ಮಾರಾಟ ಲೆಕ್ಕ ಹಾಕಿ, ಕೊರತೆಗೆ ಇಮ್ಮಡಿ ಕಾಳನ್ನು ಬಡವರಿಗೆ ಹಂಚಿದರು. ಸೀಸ ಉದುರಿದ ದಿನದಿಂದಲ್ಲ, ಮಗನಿಗೆ ತಿಳಿದ ದಿನದಿಂದ ಲೆಕ್ಕ ಹಾಕಿದರು.

ಈ ಭೇದವೇ ವಿಷಯದ ತಿರುಳು. ಸೀಸ ಉದುರಿದ್ದು ಆಕಸ್ಮಿಕ, ಕಾಗದ ತೀರಿದ್ದೂ ಆಕಸ್ಮಿಕ. ಆಕಸ್ಮಿಕಕ್ಕೆ ಪಾಪವಿಲ್ಲ. ಆ ಆಕಸ್ಮಿಕದ ಗುಟ್ಟು ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದೆ, ತಿಳಿದವನು ಮೌನವಾಗಿ ಅದರ ಫಲವನ್ನು ಉಣ್ಣತೊಡಗಿದ ಕ್ಷಣದಿಂದ ಅನ್ಯಾಯ ಆರಂಭವಾಗುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಅಂದರೆ ತೂಕ ಅಳತೆಗಳ ಏರುಪೇರನ್ನು ಹೆಸರಿಸಿ ಹೇಳುತ್ತದೆ. ವರ್ತಕರು ಇದನ್ನು ತಕ್ಕಡಿಗೆ ಮಾತ್ರ ಅನ್ವಯಿಸಿಕೊಳ್ಳುತ್ತಾರೆ. ತಂಬಿಗೆಯೊಳಗಿನ ಚೀಟಿಯೂ ಒಂದು ತಕ್ಕಡಿಯೇ. ಇಬ್ಬರ ನಡುವೆ ನಿಂತು ತೀರ್ಪು ಕೊಡುವ ಸಾಧನ ಯಾವುದಾದರೂ ಅದಕ್ಕೆ ಮುದ್ರೆ ಬೇಕು.

ಇಂಥ ಮೌನದ ಹಾನಿ ಸಾಮಾನ್ಯ ಮೋಸದ ಹಾನಿಗಿಂತ ಆಳವಾದದ್ದು. ಕೌಶಲದ ಆಟದಲ್ಲಿ ಮೋಸಹೋದವನು ಎದುರಾಳಿಯನ್ನು ಶಂಕಿಸುತ್ತಾನೆ, ಜಗಳವಾಡುತ್ತಾನೆ. ಅದೃಷ್ಟದ ಆಟದಲ್ಲಿ ಮೋಸಹೋದವನು ತನ್ನನ್ನೇ ಶಂಕಿಸುತ್ತಾನೆ. ಮುದ್ದೇಬಿಹಾಳದ ಬಾಲಕನು ಅಣ್ಣನನ್ನು ದೂರಲಿಲ್ಲ, ತನ್ನ ಹಣೆಬರಹವನ್ನು ದೂರಿದನು. ಕರ್ಮಸಿದ್ಧಾಂತವು ಮನುಷ್ಯನಿಗೆ ತನ್ನ ಕೃತಿಯ ಹೊಣೆಯನ್ನು ಕಲಿಸಲು ಇರುವುದು. ಒಬ್ಬನ ಕೈಚಳಕವನ್ನು ಇನ್ನೊಬ್ಬನ ಕರ್ಮದ ಖಾತೆಗೆ ಖರ್ಚು ಬರೆಯಲು ಅಲ್ಲ. ಸಂತೆಯಲ್ಲಿ ತೂಕ ಕಡಿಮೆ ಬಂದ ಬಡ ರೈತನು “ನಮ್ಮ ದೈವ ಇಷ್ಟ” ಎಂದು ಮನೆಗೆ ಹೋಗುವಾಗಲೂ ನಡೆಯುವುದು ಇದೇ.

ಹಳೆಯ ಆಟಗಳನ್ನು ಕಟ್ಟಿದವರಿಗೆ ಈ ಅಪಾಯದ ಅರಿವು ಇದ್ದಂತೆ ತೋರುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಎಲ್ಲರ ಕಣ್ಣೆದುರಿಗೆ ನೆಲದ ಮೇಲೆ ಬೀಸುತ್ತಾರೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಈ ಎರಡಕ್ಕೂ ಮತ್ತೊಮ್ಮೆ ಬೀಸುವ ಅವಕಾಶ. ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆಂದು ಭಾವಿಸಿದರೆ, 16 ಬಗೆಗಳಲ್ಲಿ ಒಂದೊಂದು ಬಗೆ ಮಾತ್ರ ಇವಕ್ಕೆ ಸಲ್ಲುತ್ತದೆ. ವಾಸ್ತವವಾಗಿ ಕವಡೆ ಹಾಗೆ ಸಮನಾಗಿ ಬೀಳುವ ವಸ್ತುವಲ್ಲ. ಅದರ ಬೆನ್ನು ಉಬ್ಬಿದೆ, ಬಾಯಿ ಚಪ್ಪಟೆ. ಆದರೂ ಆಟ ನ್ಯಾಯವಾಗಿಯೇ ಇರುತ್ತದೆ, ಏಕೆಂದರೆ ಅದೇ ನಾಲ್ಕು ಕವಡೆಗಳನ್ನು ಎಲ್ಲರೂ ಬೀಸುತ್ತಾರೆ. ಕವಡೆಯ ವಕ್ರತೆ ಎಲ್ಲರಿಗೂ ಸಮಾನ, ಎಲ್ಲರಿಗೂ ಗೋಚರ. ಅದೃಷ್ಟವು ನ್ಯಾಯವಾಗಿರಲು ಅದು ಪರಿಪೂರ್ಣವಾಗಿರಬೇಕಿಲ್ಲ, ಹಂಚಿಕೊಂಡದ್ದಾಗಿರಬೇಕು.

ಶಾಲೆಯ ಮಕ್ಕಳ ಪುಸ್ತಕ ಕ್ರಿಕೆಟ್ಟಿನಲ್ಲಿಯೂ ಇದೇ ಪಾಠವುಂಟು. ಪಠ್ಯಪುಸ್ತಕವನ್ನು ಕಣ್ಣುಮುಚ್ಚಿ ತೆರೆದು, ಎಡಪುಟದ ಸಂಖ್ಯೆಯ ಕೊನೆಯ ಅಂಕಿಯಷ್ಟು ಓಟ. ಸೊನ್ನೆ ಬಂದರೆ ಔಟು. ಎಡಪುಟಗಳು ಸಮಸಂಖ್ಯೆಯವಾದ್ದರಿಂದ 0, 2, 4, 6, 8 ಎಂಬ ಐದು ಅಂಕಿಗಳು ಮಾತ್ರ ಬರುತ್ತವೆ, ಐದರಲ್ಲಿ ಒಮ್ಮೆ ಔಟಾಗುವ ಸಂಭವ. ಎಂಟಕ್ಕೆ ಎಷ್ಟು ಓಟವೆಂಬುದು ಊರಿಗೊಂದು ಬಗೆ. ಸಿಂದಗಿಯ ಹುಡುಗ ಒಂದು ಓಟ ಎನ್ನುವನು, ಬಾಗೇವಾಡಿಯ ಹುಡುಗಿ ಓಟವೇ ಇಲ್ಲ ಎನ್ನುವಳು. ಯಾವುದಾದರೂ ಸರಿಯೇ, ಪುಸ್ತಕ ತೆರೆಯುವ ಮೊದಲು ನಿರ್ಧಾರವಾಗಿದ್ದರೆ ಸಾಕು. ಆದರೆ ಪುಸ್ತಕ ತನ್ನದೇ ಆಗಿದ್ದು, ದಿನವೂ ಓದಿದ ಪುಟ ತಾನಾಗಿ ತೆರೆದುಕೊಳ್ಳುತ್ತದೆಂದು ಬಲ್ಲವನು ಆಡಿದರೆ, ಅಲ್ಲಿ ಲಗ್ನಪತ್ರಿಕೆಯ ಕಾಗದವೇ ಮತ್ತೆ ಬಂತು.

ಮಹಾಭಾರತದ ದ್ಯೂತಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬಹುದು. ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಯನಿಗೆ ತೋರಿತು, ಬಾಯಿಬಿಟ್ಟು ಹೇಳಿಯೂ ಹೇಳಿದನು. ಆದರೂ ಎದ್ದುಹೋಗಲಿಲ್ಲ. ದಾಳದ ಗುಟ್ಟು ಬಲ್ಲವನ ಕೈಗೆ ದಾಳ ಹೋಯಿತು. ಮುಂದಿನ ಅನರ್ಥಕ್ಕೆ ಅದೃಷ್ಟವನ್ನು ದೂರುವುದು ವ್ಯರ್ಥ.

ಇಂಡಿಯ ಪಡಸಾಲೆಯಲ್ಲಿ ಆಟ ನಿಲ್ಲಲಿಲ್ಲ. ನಿಲ್ಲಿಸುವುದು ಸುಲಭವಾಗಿತ್ತು, ಆದರೆ ನಿಲ್ಲಿಸಿದ್ದರೆ ಮಕ್ಕಳು ಕಲಿಯುತ್ತಿದ್ದುದು ಭಯವನ್ನೇ ಹೊರತು ವಿವೇಕವನ್ನಲ್ಲ. ಹಿರಿಯರು ಹಳೆಯ ಕೀರ್ದಿ ಪುಸ್ತಕದ ಖಾಲಿ ಹಾಳೆ ತೆಗೆದು ಮಕ್ಕಳೊಡನೆ ಕುಳಿತು ಹೊಸ ಕಟ್ಟಳೆ ಬರೆದರು. ಚೀಟಿಯ ಬದಲು ಎರಡು ದಾಳ. ದಾಳವನ್ನು ಎಲ್ಲರ ಎದುರಿಗೆ ತಾಟಿನಲ್ಲಿ ಹಾಕಬೇಕು. ಯಾವ ಸಂಖ್ಯೆಗೆ ಯಾವ ಘಟನೆಯೆಂಬುದನ್ನು ಮೊದಲೇ ಬರೆದು ಗಟ್ಟಿಯಾಗಿ ಓದಬೇಕು.

ಎರಡು ದಾಳಗಳಿಗೆ 36 ಬಗೆ. ಅವುಗಳಲ್ಲಿ ಏಳು ಬರುವುದು ಆರು ಬಗೆಯಿಂದ, ಆರು ಮತ್ತು ಎಂಟು ಐದೈದು ಬಗೆಯಿಂದ, ಎರಡು ಮತ್ತು ಹನ್ನೆರಡು ಮಾತ್ರ ಒಂದೊಂದೇ ಬಗೆಯಿಂದ. ಆದ್ದರಿಂದ ಏಳಕ್ಕೆ ಏನೂ ಇಲ್ಲ, ಆಟ ಮುಂದುವರಿಯಲಿ. ಆರು ಮತ್ತು ಎಂಟಕ್ಕೆ ಗಾಳಿ, ಮಳೆಯಂಥ ಸಣ್ಣ ಘಟನೆ. ಕೆಂಪು ಕಾರ್ಡಿನಂಥ ದೊಡ್ಡ ಘಟನೆ ಎರಡು ಮತ್ತು ಹನ್ನೆರಡಕ್ಕೆ ಮಾತ್ರ. ಹಾಗೆಂದರೆ 18ರಲ್ಲಿ ಒಮ್ಮೆ, ಪಂದ್ಯಕ್ಕೆ 12 ಸಲ ದಾಳ ಹಾಕಿದರೆ ಮೂರು ಪಂದ್ಯಗಳಲ್ಲಿ ಸರಾಸರಿ ಎರಡು ಸಲ. ಹಳೆಯ ಚೀಟಿಗಳ ಲೆಕ್ಕವನ್ನೂ ಅವರು ತೋರಿಸಿದರು. 24ರಲ್ಲಿ ನಾಲ್ಕು ಗೋಲಿನ ಚೀಟಿ ಇದ್ದು 12 ಎತ್ತಿದರೆ, ಕಾಗದದಲ್ಲಿ ಮೋಸವಿಲ್ಲದಿದ್ದರೂ ಸರಾಸರಿ ಎರಡು ಗೋಲು ತಂಬಿಗೆಯಿಂದಲೇ ಬರುತ್ತವೆ. ಬೆರಳಿನಿಂದ ಚಿಮ್ಮಿ ಹೊಡೆದ ಗೋಲು ಪಂದ್ಯಕ್ಕೆ ಒಂದೋ ಎರಡೋ. ಅಭ್ಯಾಸ ಮಾಡಿದವನಿಗೆ ಇದರಲ್ಲಿ ಮರ್ಯಾದೆ ಏನು ಉಳಿಯಿತು? ಆದ್ದರಿಂದ ಯಾವ ಘಟನೆಯೂ ನೇರವಾಗಿ ಗೋಲು ಕೊಡಬಾರದು. ಹೆಚ್ಚೆಂದರೆ ಒಂದು ಚಿಮ್ಮು ಹೆಚ್ಚಿಗೆ ಕೊಡಬಹುದು. ಗೋಲು ಮಾಡುವುದು ಬೆರಳಿನ ಕೆಲಸವಾಗಿಯೇ ಉಳಿಯಬೇಕು.

ದೊಡ್ಡವರ ಫುಟ್‌ಬಾಲ್ ಕೂಡ ಈ ಪಾಠವನ್ನು ತಡವಾಗಿ ಕಲಿತದ್ದೇ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಸೆಮಿಫೈನಲಿನಲ್ಲಿ ನೇಪಲ್ಸ್ ನಗರದಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ 120 ನಿಮಿಷ ಆಡಿಯೂ ಗೋಲಿಲ್ಲದೆ ಸಮನಾದವು. ಕೊನೆಗೆ ನಾಣ್ಯ ಚಿಮ್ಮಲಾಯಿತು, ಇಟಲಿ ಗೆದ್ದು ಫೈನಲಿಗೆ ಹೋಯಿತು, ಪ್ರಶಸ್ತಿಯನ್ನೂ ಪಡೆಯಿತು. ಅಲ್ಲಿ ಮೋಸವಿರಲಿಲ್ಲ, ಆದರೆ ಅಷ್ಟೂ ಹೊತ್ತಿನ ಶ್ರಮವನ್ನು ಒಂದು ನಾಣ್ಯ ನುಂಗಿತು. 1970ರಲ್ಲಿ ಪೆನಾಲ್ಟಿ ಒದೆತಗಳ ಪದ್ಧತಿ ನಿಯಮಗಳಲ್ಲಿ ಸೇರಿತು. 1990ರ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ಮತ್ತು ನೆದರ್‌ಲೆಂಡ್ಸ್ ತಂಡಗಳು ಅಂಕ, ಗೋಲು ಎಲ್ಲದರಲ್ಲಿಯೂ ಸಮನಾದಾಗ ಚೀಟಿ ಎತ್ತಿದರು. ಆದರೆ ಎರಡೂ ತಂಡಗಳು ಮುಂದಿನ ಸುತ್ತಿಗೆ ಹೋಗುವುದು ಆಗಲೇ ನಿಶ್ಚಯವಾಗಿತ್ತು. ಯಾರು ಯಾರನ್ನು ಎದುರಿಸಬೇಕೆಂಬುದನ್ನಷ್ಟೇ ಚೀಟಿ ಹೇಳಿತು. ಶ್ರಮ ಮುಗಿದ ಮೇಲೆ ಉಳಿದ ಸಮಬಲವನ್ನು ಬಿಡಿಸಲು ಚೀಟಿ ಇರಬಹುದು. ಮತಗಳು ಸಮನಾದಾಗ ಚುನಾವಣೆಯಲ್ಲಿಯೂ ಚೀಟಿಯೇ ನಿರ್ಣಯಿಸುತ್ತದೆ. ಶ್ರಮದ ಜಾಗದಲ್ಲಿ ಚೀಟಿ ಕುಳಿತರೆ ಅದು ಬೇರೆ ಮಾತು.

ಇನ್ನು ಪಣದ ವಿಷಯ. ಪಂಚಮಿಯ ಹಬ್ಬದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಲಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುವುದುಂಟು. ಜೋಕಾಲಿಯಷ್ಟೇ ಅದೂ ಹಬ್ಬದ ಸಂಭ್ರಮ. ಅದರೊಳಗೆ ಹಣ ಕಾಲಿಟ್ಟೊಡನೆ ಸಂಭ್ರಮ ಹೊರಗೆ ಹೋಗುತ್ತದೆ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿರುವುದು ಸುಮ್ಮನೆ ಅಲ್ಲ, ಉಳಿದ ಆರಕ್ಕೆ ಅದು ಬಾಗಿಲು. ಕರ್ನಾಟಕವು 2007ರಲ್ಲಿ ಲಾಟರಿ ಮಾರಾಟವನ್ನು ನಿಷೇಧಿಸಿತು. ಅದು ಹೋದ ಜಾಗಕ್ಕೆ ಮೊಬೈಲ್ ಫೋನಿನೊಳಗೆ ಹಣದ ಆಟಗಳು ಬಂದವು. ಇವು ಅದೃಷ್ಟವೋ ಕೌಶಲವೋ ಎಂಬ ವಾದ ನ್ಯಾಯಾಲಯಗಳಲ್ಲಿ ದೀರ್ಘಕಾಲ ನಡೆದಿದೆ. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತ್ತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಆ ವಾದವನ್ನು ಬದಿಗಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ವ್ಯಾಪ್ತಿಗೆ ತಂದಿತು. ನೀತಿಯ ದೃಷ್ಟಿಯಿಂದ ಇದು ಸರಿಯಾದ ದಿಕ್ಕು. ಅಂಥ ಆಟ ನಡೆಸುವವನಿಗೆ ಲೆಕ್ಕವೆಲ್ಲ ಗೊತ್ತು, ಆಡುವವನಿಗೆ ಏನೂ ಗೊತ್ತಿಲ್ಲ. ಒಬ್ಬನ ಕೈಯಲ್ಲಿ ದಪ್ಪ ಕಾಗದ, ಇನ್ನೊಬ್ಬನ ಕೈಯಲ್ಲಿ “ನನ್ನ ನಸೀಬು ಖೊಟ್ಟಿ” ಎಂಬ ಅಳು.

ವ್ಯಾಪಾರವೂ ಅದೃಷ್ಟದಿಂದ ದೂರವಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಲಿಂಬೆಯ ದರ ಬಿಸಿಲಿನಲ್ಲಿ ಏರುತ್ತದೆ, ಮಳೆ ಬಿದ್ದರೆ ಇಳಿಯುತ್ತದೆ. ತೊಗರಿಯ ಹೂವಿಗೆ ಮೋಡ ಕವಿದರೆ ರೈತನ ವರ್ಷವೇ ಮಸುಕಾಗುತ್ತದೆ. ಈ ಏರಿಳಿತ ಯಾರ ಕೈಯಲ್ಲಿಯೂ ಇಲ್ಲ. ಅದನ್ನು ಸಮಚಿತ್ತದಿಂದ ಸಹಿಸುವುದು ಶ್ರಾವಕನ ಧರ್ಮ. ಆದರೆ ಚೀಲದ ಮೇಲೆ ಒಳ್ಳೆಯ ಹಣ್ಣು, ಅಡಿಯಲ್ಲಿ ಕೊಳೆತ ಹಣ್ಣು ಇಟ್ಟು, ಕೊಂಡವನ ದೈವವೆನ್ನುವುದು ಸಹನೆಯ ವಿಷಯವಲ್ಲ.

ರಜೆಯ ಕೊನೆಯ ದಿನ ಮತ್ತೆ ಪಂದ್ಯ ನಡೆಯಿತು. ಇಂಡಿಯ ಹುಡುಗ ಅದಕ್ಕೆ ಮೊದಲು ಯಾರೂ ಹೇಳದೆಯೇ ತಮ್ಮನ ಬಳಿಗೆ ಹೋಗಿ, “ನಿನ್ನ ನಸೀಬಾ ಛಲೋನ ಐತೋ, ನಂದ ತಪ್ಪ” ಎಂದನು. ಕಿರಿಯನು ಆ ದಿನವೂ ಸೋತನು. ಅವನು ಹಾಕಿದ ದಾಳ ಕೊನೆಯಲ್ಲಿ ಹನ್ನೆರಡು ತೋರಿಸಿ, ಅವನದೇ ಆಟಗಾರನಿಗೆ ಕೆಂಪು ಕಾರ್ಡು ಬಿತ್ತು. ತಾಟಿನ ಸುತ್ತ ಬಗ್ಗಿ ನಿಂತ ನಾಲ್ವರೂ ಏಕಕಾಲಕ್ಕೆ ಅದನ್ನು ಕಂಡರು. ಹುಡುಗ ಒಂದು ಗಳಿಗೆ ದಾಳವನ್ನು ನೋಡಿ, ನಕ್ಕು, ಗುಂಡಿಯನ್ನು ಹಲಗೆಯಿಂದ ತೆಗೆದಿಟ್ಟು ಆಟ ಮುಂದುವರಿಸಿದನು. ಆ ರಾತ್ರಿ ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕುಳಿತವನು ಅವನೇ.

ಸೋಲು ಅದೇ ಸೋಲು, ಆದರೆ ಈ ಸಲ ಅದರ ಹಿಂದೆ ಯಾರ ಬೆರಳೂ ಇರಲಿಲ್ಲ. ಮನೆಯಲ್ಲಿ ಮಕ್ಕಳು ದಾಳ ಹಾಕುವಾಗ ಹಿರಿಯರು ಗದರಿಸಬೇಕಾಗಿಲ್ಲ. ಒಮ್ಮೆ ಬಳಿಯಲ್ಲಿ ಕುಳಿತು, ಕಲ್ಲನ್ನು ಮಗುಚಿ ತಳ ನೋಡುವ ರೂಢಿಯನ್ನು ಕಲಿಸಿದರೆ ಸಾಕು. ನಾಳೆ ಅವರು ಗಲ್ಲೆಯ ಮೇಲೆ ಕುಳಿತಾಗ ಆ ರೂಢಿ ಅವರೊಡನೆ ಇರುತ್ತದೆ.